ಮಿಕ್ಸಿ ಜಾರಿನ ಮೇಲೆ ಮುರಿದ ಕಿಟಕಿ

ಸ್ಟೀಲ್ ಜಾರ್ ಎಂದರೆ ಒಂದು ಸಿಲಿಂಡರ್, ಅರ್ಧ ದಿನದ ಕೆಲಸ ಎಂದು ನಮ್ಮ 3ಡಿ ಸ್ಟುಡಿಯೋದ ಪ್ರೊಡಕ್ಷನ್ ವಿಭಾಗ ಶೆಡ್ಯೂಲ್ ಹಾಕಿತ್ತು. ಮಿಕ್ಸಿ ಕಂಪನಿಯೊಂದರ ಜಾಹೀರಾತಿಗೆ ಟರ್ನ್‌ಟೇಬಲ್, ಅಂದರೆ ಕಂಪ್ಯೂಟರ್‌ನಲ್ಲಿ ಕಟ್ಟಿದ ಜಾರ್ ಸುತ್ತು ತಿರುಗುವ ವಿಡಿಯೊ, ಮಾಡಿಕೊಡಬೇಕಿತ್ತು. ಶೆಡ್ಯೂಲ್ ಹಾಕಿದವರು ತಮ್ಮ ಅಡುಗೆಮನೆಯ ಜಾರನ್ನು ಕೈಗೆತ್ತಿಕೊಂಡು ಒಂದು ಸುತ್ತು ತಿರುಗಿಸಿ ನೋಡಿದ್ದರೆ ಈ ಲೆಕ್ಕ ಹಾಕುತ್ತಿರಲಿಲ್ಲ. ಜಾರಿನ ಗೋಡೆಯಲ್ಲಿ ಉದ್ದಕ್ಕೆ ಒಳಗೊತ್ತಿದ ತಗ್ಗುಗಳಿರುತ್ತವೆ. ಹಿಟ್ಟು ಗೋಡೆಗಂಟಿ ಸುಮ್ಮನೆ ಸುತ್ತದೆ ಬ್ಲೇಡಿನ ಕಡೆಗೆ ಮರಳಲಿ ಎಂದು. ನಮ್ಮ ಜಾರಿನಲ್ಲಿ ಅಂಥವು ನಾಲ್ಕು. ಪ್ರತಿ ತಗ್ಗೂ ಮೇಲ್ತುದಿಯಲ್ಲಿ ಗೋಡೆಯೊಳಗೆ ಎಷ್ಟು ಮೆಲ್ಲಗೆ ಕರಗುತ್ತದೆ ಎಂದರೆ, ಎಲ್ಲಿ ಮುಗಿಯಿತೆಂದು ಬೆರಳಿಗೂ ತಿಳಿಯುವುದಿಲ್ಲ. ಮಾಡೆಲ್ ಮಾಡುವವನ ಕಷ್ಟವೆಲ್ಲ ಇರುವುದು ಆ ಕರಗುವ ಜಾಗದಲ್ಲೇ.

ಮಾಡೆಲ್ ಮಾಡಿದ್ದು ಆಗಷ್ಟೇ ತಂಡಕ್ಕೆ ಸೇರಿದ್ದ ಹುಡುಗ. ಕ್ಲೇ ರೆಂಡರ್‌ನಲ್ಲಿ, ಅಂದರೆ ಹೊಳಪಿಲ್ಲದ ಬೂದು ಬಣ್ಣದ ಚಿತ್ರದಲ್ಲಿ, ಎಲ್ಲವೂ ನುಣ್ಣಗೆ ಕಂಡಿತು. ಮೇಲ್ಮೈಯ ಗೆರೆಬಲೆ (ವೈರ್‌ಫ್ರೇಮ್) ಪೂರ್ತಿ ಕ್ವಾಡ್, ಅಂದರೆ ನಾಲ್ಕು ಬದಿಯ ತುಂಡುಗಳು; ಹೆಚ್ಚು ಬದಿಯ ಎನ್-ಗಾನ್ ಒಂದೂ ಇಲ್ಲ, ಟೆಕ್ಸ್ಚರ್ ಹಾಸುವ ಯುವಿ ಸರಿ, ತುಂಡುಗಳ ಸಂಖ್ಯೆ (ಪಾಲಿಕೌಂಟ್) ಮಿತಿಯೊಳಗೆ. ರಿವ್ಯೂ ಫಾರ್ಮಿನ ಎಲ್ಲ ಕಲಮುಗಳಿಗೂ ಟಿಕ್ ಬಿತ್ತು. ಪ್ರತಿಫಲನ ನೋಡಿದಿರಾ ಎಂದು ಕೇಳುವ ಕಲಮು ಆ ಫಾರ್ಮಿನಲ್ಲಿ ಇರಲೇ ಇಲ್ಲ. ರಾತ್ರಿ ರೆಂಡರ್ ಫಾರ್ಮ್‌ಗೆ (ಚಿತ್ರಗಳನ್ನು ತಯಾರಿಸುವ ಕಂಪ್ಯೂಟರ್‌ಗಳ ಸಾಲಿಗೆ) ಹಾಕಿ ಬೆಳಿಗ್ಗೆ ಕ್ಲೈಂಟ್ ಕಾಲ್‌ಗೆ ಕುಳಿತೆವು.

ಜಾರಿಗೆ ಬೆಳಕು, ಬಿಂಬ ಕೊಡಲು ಸುತ್ತ ಹಾಕಿದ ನಮ್ಮ ಫೋಟೊದಲ್ಲಿ (ಎಚ್‌ಡಿಆರ್‌ಐ) ಒಂದು ಎತ್ತರದ ಕಿಟಕಿ ಇತ್ತು. ಜಾರ್ ತಿರುಗುತ್ತಿದ್ದಂತೆ ಅದರ ಬಿಂಬ ಸ್ಟೀಲಿನ ಮೇಲೆ ಜಾರುತ್ತಾ ಬಂದು ಮೊದಲ ತಗ್ಗಿನ ಹತ್ತಿರ ಬಂತು. "ಅಲ್ಲೇ ನಿಲ್ಲಿಸಿ. ಸ್ವಲ್ಪ ಹಿಂದಕ್ಕೆ ಹೋಗಿ" ಎಂದರು ಕ್ಲೈಂಟ್ ಕಡೆಯ, ತಗಡು ಒತ್ತುವ ಅಚ್ಚುಗಳನ್ನು ನೋಡಿಕೊಳ್ಳುವ ಡೈ ಎಂಜಿನಿಯರ್. ಒಂದೊಂದೇ ಫ್ರೇಮ್ ಹಿಂದಕ್ಕೆ ಸರಿಸಿದೆವು. ಒಂದೇ ಸಮನೆ ಬಾಗಬೇಕಿದ್ದ ಕಿಟಕಿಯ ಸರಳು ತಗ್ಗಿನ ಪಕ್ಕದಲ್ಲಿ ಸ್ವಲ್ಪ ದೂರ ನೆಟ್ಟಗೆ ಹೋಗಿ, ಪಕ್ಕನೆ ಮುರಿದುಕೊಂಡಿತ್ತು. ನಾಲ್ಕೂ ತಗ್ಗುಗಳ ಎರಡೂ ಬದಿಯಲ್ಲಿ ಅದೇ ಕಥೆ. "ನಮ್ಮ ಪ್ರೆಸ್‌ನಲ್ಲಿ ಹೀಗೆ ಸೊಟ್ಟ ಬಂದರೆ ಆ ಜಾರನ್ನು ಸ್ಕ್ರ್ಯಾಪ್‌ಗೆ ಹಾಕುತ್ತೇವೆ" ಎಂದರು. ಆಮೇಲೆ ಮುಚ್ಚಳಕ್ಕೂ ಜಾರಿನ ಬಾಯಿಗೂ ನಡುವೆ ಇಷ್ಟು ಸಂದು ಏಕೆ ಎಂದು ಕೇಳಿದರು. ಯಾರೂ ಉಸಿರೆತ್ತಲಿಲ್ಲ. ಕೊನೆಗೆ ನಮ್ಮ ಮ್ಯಾನೇಜರ್ ಮೈಕ್ ಆನ್ ಮಾಡಿ, "ಅದು ಹೊಸ ಹುಡುಗ ಮಾಡಿದ್ದು ಸರ್" ಎಂದರು.

ಆ ಹುಡುಗ ಅದೇ ಕಾಲ್‌ನಲ್ಲಿದ್ದ, ಕ್ಯಾಮೆರಾ ಆನ್ ಇತ್ತು. ಮಾಡೆಲ್ ಮೂರು ಜನರ ರಿವ್ಯೂ ದಾಟಿ ಬಂದಿದೆ, ಲೋಪವಿರುವುದು ರಿವ್ಯೂನಲ್ಲಿ ಎಂದು ನಾನು ಮಧ್ಯೆ ಬಾಯಿ ಹಾಕಿ ಹೇಳಿದೆ. ಅಷ್ಟರಲ್ಲಿ ಆಗಬೇಕಾದ ಅವಮಾನ ಆಗಿಹೋಗಿತ್ತು. ಈಗಲೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಕಲಿಸದೆ ಇದ್ದದ್ದನ್ನು ಮಾಡಲಿಲ್ಲ ಎಂದು ಕ್ಲೈಂಟ್ ಎದುರು ಒಬ್ಬನ ಹೆಸರಿಗೆ ಕಟ್ಟುವುದು ಯಾವ ನ್ಯಾಯ?

ಆಗಿದ್ದು ಇಷ್ಟು. ಅವನು 16 ಬದಿಯ ಸಿಲಿಂಡರ್‌ನಿಂದ ಶುರು ಮಾಡಿ, ತಗ್ಗುಗಳಿಗಾಗಿ ಅಲ್ಲಲ್ಲಿ ಲೂಪ್, ಅಂದರೆ ಬಲೆಯಲ್ಲಿ ಹೊಸ ಗೆರೆಗಳ ಸಾಲು, ಕತ್ತರಿಸಿ ಸೇರಿಸಿದ್ದ. ಹಾಗೆ ಸೇರಿಸಿದ ಲೂಪ್ ವೃತ್ತದ ಮೇಲೆ ಕೂರುವುದಿಲ್ಲ. ಹಳೆಯ ಎರಡು ಬಿಂದುಗಳ ನಡುವಿನ ನೇರ ಗೆರೆಯ ಮೇಲೆ ಕೂರುತ್ತದೆ. ಒರಟು ಬಲೆಯನ್ನು ಒಡೆದೊಡೆದು ನುಣುಪು ಮಾಡುವ ಸಬ್‌ಡಿವಿಷನ್ ಆ ನೇರವನ್ನು ನಂಬಿ ಅಲ್ಲಿ ಮೇಲ್ಮೈಯನ್ನು ಚಪ್ಪಟೆ ಮಾಡುತ್ತದೆ, ಪಕ್ಕದ ಮೂಲೆಯಲ್ಲಿ ಬಾಗನ್ನೆಲ್ಲ ಒಟ್ಟಿಗೆ ತಂದು ಸುರಿಯುತ್ತದೆ. "ಸಬ್‌ಡಿವಿಷನ್ ಲೆವೆಲ್ ಎರಡರಿಂದ ನಾಲ್ಕಕ್ಕೆ ಏರಿಸಿ, ಸ್ಮೂತ್ ಆಗುತ್ತದೆ" ಎಂದು ಮ್ಯಾನೇಜರ್ ಸಲಹೆ ಕೊಟ್ಟರು. ಲೆವೆಲ್ ಏರಿಸಿದರೆ ಅದೇ ಸೊಟ್ಟ ಇನ್ನಷ್ಟು ಸ್ಪಷ್ಟವಾಗುತ್ತದೆ, ಅಷ್ಟೇ.

ಮುಚ್ಚಳದ ಸಂದಿಗೂ ಕಾರಣ ಇಲ್ಲೇ ಇತ್ತು. ನಾವು ದಿನವೂ ಒತ್ತುವ ಆ ಸಬ್‌ಡಿವಿಷನ್ ಬಟನ್ ಹಿಂದಿರುವುದು ಎಡ್ವಿನ್ ಕ್ಯಾಟ್‌ಮಲ್ ಮತ್ತು ಜಿಮ್ ಕ್ಲಾರ್ಕ್ 1978ರಲ್ಲಿ ಪ್ರಕಟಿಸಿದ ವಿಧಾನ. ಅದು ವೃತ್ತವನ್ನು ಕುಗ್ಗಿಸುತ್ತದೆ. 8 ಬದಿಯ ವೃತ್ತ ಕೊಟ್ಟರೆ ಸಿಗುವ ತ್ರಿಜ್ಯ ಮೂಲದ ಶೇ. 90ರಷ್ಟು, 16 ಬದಿಗೆ ಶೇ. 97.5, 32 ಬದಿಗೆ ಶೇ. 99.4. ನಮ್ಮ ಜಾರಿನ ಬಾಯಿ 120 ಮಿಲಿಮೀಟರ್, ಬದಿ 16; ಮುಚ್ಚಳವನ್ನು ಬೇರೊಬ್ಬರು 32 ಬದಿಯಲ್ಲಿ ಮಾಡಿದ್ದರು. ಜಾರ್ 3 ಮಿಲಿಮೀಟರ್ ಕುಗ್ಗಿತು, ಮುಚ್ಚಳ ಒಂದು ಮಿಲಿಮೀಟರ್ ಕೂಡ ಕುಗ್ಗಲಿಲ್ಲ. ಗಣಿತದ ಬಾಗುಗೆರೆಗಳಿಂದ ಮೇಲ್ಮೈ ಕಟ್ಟುವ ನರ್ಬ್ಸ್‌ನಲ್ಲಿ ಈ ತಾಪತ್ರಯವಿಲ್ಲ, ಅಲ್ಲಿ ವೃತ್ತ ಎಂದರೆ ವೃತ್ತವೇ. ಕ್ಲೈಂಟ್ ಹತ್ತಿರ ಅಂಥ ನಿಖರ ಆಕಾರದ ಕ್ಯಾಡ್ (ಕಂಪ್ಯೂಟರ್ ವಿನ್ಯಾಸ) ಫೈಲ್ ಇತ್ತು. ಕೇಳಿದರೆ ತಡವಾಗುತ್ತದೆ ಎಂದು ನಮ್ಮವರು ಫೋಟೊ ಮತ್ತು ಪಿಡಿಎಫ್ ತಂದು ಕೈಗಿಟ್ಟಿದ್ದರು.

ಆ ಸಂಜೆ ನಾನೂ ಆ ಹುಡುಗನೂ ಹಳೆಯ ಜಾರನ್ನು ಪಕ್ಕಕ್ಕಿಟ್ಟು ಹೊಸದಾಗಿ ಕುಳಿತೆವು. 48 ಬದಿಯ ಸಿಲಿಂಡರ್ ತೆಗೆದುಕೊಂಡೆವು. ನಾಲ್ಕು ತಗ್ಗುಗಳಿಗೆ ಸಮನಾಗಿ ಹಂಚಿಹೋಗುವ ಸಂಖ್ಯೆ ಅದು. ಲೂಪ್‌ಗಳ ಅಂತರ ಎಲ್ಲ ಕಡೆ ಒಂದೇ. ತಗ್ಗಿಗೆಂದು ಒಂದೂ ಹೊಸ ಲೂಪ್ ಕತ್ತರಿಸಲಿಲ್ಲ. ಇದ್ದ ಬಿಂದುಗಳನ್ನೇ ಅಕ್ಷದ ಕಡೆಗೆ ಒತ್ತಿದೆವು, ಮೇಲೆ ಹೋದಂತೆ ಒತ್ತನ್ನು ಕಡಿಮೆ ಮಾಡುತ್ತಾ ಬಂದೆವು. ನಾಲ್ಕಕ್ಕಿಂತ ಹೆಚ್ಚು ಅಥವಾ ಕಡಿಮೆ ಅಂಚುಗಳು ಕೂಡುವ ಬಿಂದು, ಅಂದರೆ ಪೋಲ್, ಒಂದೂ ಹುಟ್ಟಲಿಲ್ಲ. ಮೇಲ್ಮೈ ಮೇಲೆ ಪಟ್ಟೆಗಳ ಪ್ರತಿಫಲನ ತೋರಿಸುವ ಮ್ಯಾಟ್‌ಕ್ಯಾಪ್ ಹಾಕಿ ತಿರುಗಿಸಿದಾಗ ಪಟ್ಟೆಗಳು ತಗ್ಗಿನೊಳಗೆ ಇಳಿದು ಮತ್ತೆ ಎದ್ದು ಎಲ್ಲೂ ಎಡವದೆ ಸಾಗಿದವು. ಪಾತ್ರೆ ಅಂಗಡಿಯಲ್ಲಿ ಅಮ್ಮಂದಿರು ಹೊಸ ಡಬ್ಬಿಯನ್ನು ಟ್ಯೂಬ್‌ಲೈಟ್ ಕೆಳಗೆ ತಿರುಗಿಸಿ ನೆಗ್ಗು ಹುಡುಕುತ್ತಾರಲ್ಲ, ಅದೇ ಪರೀಕ್ಷೆ ಇದು. ಬೂದು ಬಣ್ಣದ ಕ್ಲೇ ಯಾವ ನೆಗ್ಗನ್ನಾದರೂ ಮುಚ್ಚಿಕೊಳ್ಳುತ್ತದೆ.

ಹಿಡಿಯ ವಿಷಯದಲ್ಲಿ ಅವನಿಗೆ ಒಂದೇ ಪ್ರಶ್ನೆ ಕೇಳಿದೆ: ಕಾರ್ಖಾನೆಯಲ್ಲಿ ಇದನ್ನು ಹೇಗೆ ಮಾಡುತ್ತಾರೆ? ಜಾರ್ ಬೇರೆ ತಗಡು, ಹಿಡಿಯ ಬ್ರಾಕೆಟ್ ಬೇರೆ ತಗಡು, ನಡುವೆ ವೆಲ್ಡ್. ಅವನು ಬೂಲಿಯನ್ ಹಾಕಿ ಎರಡನ್ನೂ ಒಂದು ಮಾಡಿ, ಸೇರುವ ಜಾಗದಲ್ಲಿ ಐದು ಅಂಚಿನ ಪೋಲ್‌ಗಳ ಜೊತೆ ಗುದ್ದಾಡಿದ್ದ. ಬೇರೆ ಬೇರೆಯಾಗಿ ಮಾಡಿ ಕೂರಿಸಿದೆವು, ಗುದ್ದಾಟ ಅಲ್ಲಿಗೇ ಮುಗಿಯಿತು. ಮಿಕ್ಸಿಯ ಪ್ಲಾಸ್ಟಿಕ್ ಬಾಡಿಗೆ ಮಾತ್ರ ಪೋಲ್ ತಪ್ಪಿಸಲು ಆಗುವುದಿಲ್ಲ. ಕೆಳಗೆ ಚೌಕ, ಮೇಲೆ ದುಂಡು. ಅಲ್ಲಿ ಪೋಲ್‌ಗಳನ್ನು ಬಾಗು ಕಡಿಮೆಯಿರುವ ಕಡೆಗೆ, ಸಾಧ್ಯವಾದರೆ ನಾಬ್‌ನ ಅಡಿಗೆ ತಳ್ಳಬೇಕು. ಹೊಳೆಯುವ ಭುಜದ ಮೇಲೆ ಮಾತ್ರ ಬಿಡಬಾರದು.

ಹೊಸ ಟರ್ನ್‌ಟೇಬಲ್ ಅನ್ನು ಆ ಎಂಜಿನಿಯರ್ ಫ್ರೇಮ್ ಫ್ರೇಮ್ ನಿಲ್ಲಿಸಿ ನೋಡಿ ಒಪ್ಪಿದರು. ರಿವ್ಯೂ ಫಾರ್ಮಿಗೆ ಪ್ರತಿಫಲನದ ಕಲಮು ಸೇರಿಸಿ ಎಂದು ಬರೆದುಕೊಟ್ಟಿದ್ದೇನೆ. ಶೆಡ್ಯೂಲ್ ಉದ್ದವಾಗುತ್ತದೆ ಎಂಬ ಉತ್ತರ ಬಂದಿದೆ. ಪಟ್ಟೆಯ ಚಿತ್ರ ಲಗತ್ತಿಸದ ಮಾಡೆಲ್ ನನ್ನ ಮೇಜಿನಿಂದ ಲೈಟಿಂಗ್‌ಗೆ ಹೋಗುವುದಿಲ್ಲ ಎಂದು ನಾನೂ ಬರೆದು ಕಳುಹಿಸಿದ್ದೇನೆ.