ಓಕ್ ಪಾರ್ಕ್‌ನಲ್ಲಿ ಒಂದು ಶನಿವಾರ: ಓಪನ್ ಹೌಸ್ ಶಿಕಾಗೊಗೆ ಹೋಗುವವರಿಗೆ

ಅಮ್ಮ ಊರಿಂದ ಬಂದು ಒಂದು ತಿಂಗಳಾಗಿತ್ತು. ನಯಾಗರ ಆಯಿತು, ಮಾಲ್‌ಗಳಾಯಿತು, ದೇವಸ್ಥಾನಗಳೂ ಆದವು. "ಇಲ್ಲಿನ ಜನ ಹಿಂದೆ ಹೇಗೆ ಬದುಕುತ್ತಿದ್ದರು ಅಂತ ನೋಡೋಕೆ ಏನಾದ್ರೂ ಇದೆಯೇನೋ?" ಎಂದು ಒಂದು ರಾತ್ರಿ ಊಟ ಮಾಡುವಾಗ ಕೇಳಿದರು. ಅದು ಅಕ್ಟೋಬರ್. ಓಪನ್ ಹೌಸ್ ಶಿಕಾಗೊ ಆ ವಾರಾಂತ್ಯವೇ ಇತ್ತು.

ಇದು ಮನೆ ಮಾರಲು ಇಡುವ ಓಪನ್ ಹೌಸ್ ಅಲ್ಲ. ಸಾಮಾನ್ಯವಾಗಿ ಮುಚ್ಚಿರುವ, ಇಲ್ಲವೇ ಟಿಕೆಟ್ ಕೊಂಡೇ ನೋಡಬೇಕಾದ ಕಟ್ಟಡಗಳ ಬಾಗಿಲನ್ನು ಆ ಎರಡು ದಿನ ಜನರಿಗೆ ತೆರೆದಿಡುತ್ತಾರೆ. 1992ರಲ್ಲಿ ಲಂಡನ್‌ನಲ್ಲಿ ಶುರುವಾದ ಪದ್ಧತಿ ಇದು. ಶಿಕಾಗೊಗೆ ಬಂದದ್ದು 2011ರಲ್ಲಿ. ಹೆಚ್ಚಿನ ಕಡೆ ಪ್ರವೇಶ ಉಚಿತ. ಎಲ್ಲರೂ ಡೌನ್‌ಟೌನ್‌ನ ಗಗನಚುಂಬಿಗಳ ಕಡೆ ಓಡುತ್ತಾರೆ, ಅಲ್ಲಿ ಕ್ಯೂ ಕೂಡ ಜಾಸ್ತಿ. ವಯಸ್ಸಾದವರು ಜೊತೆಗಿದ್ದರೆ ಪಶ್ಚಿಮದ ಅಂಚಿನಲ್ಲಿರುವ ಓಕ್ ಪಾರ್ಕ್‌ಗೆ ಹೋಗಿ ಅಂತ ನಾನು ಹೇಳುತ್ತೇನೆ. ದೊಡ್ಡ ಮರಗಳು, ಅಗಲವಾದ ಪಾದಚಾರಿ ದಾರಿ, ಎಲ್ಲವೂ ನಡೆಯುವ ದೂರದಲ್ಲಿ. ಅಮೆರಿಕದ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸ ಮಾಡಿದ ಸುಮಾರು 25 ಕಟ್ಟಡಗಳು ಈ ಒಂದೇ ಊರಿನಲ್ಲಿವೆ.

ಯಾವ ಕಟ್ಟಡ ತೆರೆದಿರುತ್ತದೆ ಎಂಬ ಪಟ್ಟಿ ವರ್ಷ ವರ್ಷ ಬದಲಾಗುತ್ತದೆ. ಹೊರಡುವ ಹಿಂದಿನ ರಾತ್ರಿ ಶಿಕಾಗೊ ಆರ್ಕಿಟೆಕ್ಚರ್ ಸೆಂಟರ್‌ನ ಪಟ್ಟಿಯನ್ನು ಇನ್ನೊಮ್ಮೆ ನೋಡಿಕೊಳ್ಳಿ. ಕೆಲವು ಕಡೆ ಶನಿವಾರ ಮಾತ್ರ, ಕೆಲವು ಕಡೆ ಮಧ್ಯಾಹ್ನದವರೆಗೆ ಮಾತ್ರ ತೆರೆದಿರಬಹುದು. ಚರ್ಚ್‌ಗಳಲ್ಲಿ ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುತ್ತದೆ, ಹಾಗಾಗಿ ನಾವು ಶನಿವಾರವನ್ನೇ ಆರಿಸಿಕೊಂಡೆವು.

ಕಾರು ಬೇಡ. ಡೌನ್‌ಟೌನ್‌ನಿಂದ ಗ್ರೀನ್ ಲೈನ್ ಹಿಡಿದರೆ ಅರ್ಧ ಗಂಟೆ. ರೈಲು ಮೇಲುಸೇತುವೆಯ ಮೇಲೆ ಹೋಗುವುದರಿಂದ ಮನೆಗಳ ಹಿತ್ತಿಲು, ಮೆಟ್ಟಿಲು, ಒಣಗಲು ಹಾಕಿದ ಬಟ್ಟೆ ಎಲ್ಲ ಕಾಣುತ್ತದೆ. ಅಮ್ಮ ಕಿಟಕಿ ಬಿಟ್ಟು ಕದಲಲಿಲ್ಲ. ಓಕ್ ಪಾರ್ಕ್ ಸ್ಟೇಷನ್‌ನಲ್ಲಿ ಇಳಿದು, ಪಶ್ಚಿಮಕ್ಕೆ ನೋಡುತ್ತಾ ಹೋಗಿ, ಕೊನೆಯ ಸ್ಟೇಷನ್ ಹಾರ್ಲೆಮ್‌ನಲ್ಲಿ ವಾಪಸ್ ರೈಲು ಹತ್ತಿ. ಕೊನೆಯ ಒಂದು ಮನೆಗೆ ಮಾತ್ರ ಪೂರ್ವಕ್ಕೆ ಹೋಗಿ ಬರಬೇಕು, ಉಳಿದಂತೆ ಬಂದ ದಾರಿಯಲ್ಲೇ ತಿರುಗಿ ನಡೆಯುವ ಕಷ್ಟ ಇಲ್ಲ. ಅದು ಮೊದಲ ನಿಲ್ದಾಣ, ಕೂರಲು ಸೀಟೂ ಸಿಗುತ್ತದೆ.

ಮೊದಲು ನೋಡಿದ್ದು ಪ್ಲೆಸೆಂಟ್ ಹೋಮ್. 1897ರಲ್ಲಿ ಜಾರ್ಜ್ ಮಾಹರ್ ಎಂಬ ವಾಸ್ತುಶಿಲ್ಪಿ ಫಾರ್ಸನ್ ಎಂಬ ಶ್ರೀಮಂತನಿಗೆ ಕಟ್ಟಿಕೊಟ್ಟ ಮೂವತ್ತು ಕೋಣೆಗಳ ಮನೆ. ಮಾಹರ್ ಒಂದು ಹೂವು, ಒಂದು ಪ್ರಾಣಿ ಅಂತ ಆರಿಸಿಕೊಂಡು ಮನೆ ತುಂಬ ಅದನ್ನೇ ಮತ್ತೆ ಮತ್ತೆ ತರುತ್ತಿದ್ದ. ಇಲ್ಲಿ ಹನಿಸಕಲ್ ಹೂವು ಮತ್ತು ಸಿಂಹದ ಮುಖ. ಕಿಟಕಿ ಗಾಜು, ಮರದ ಕೆತ್ತನೆ, ಅಗ್ಗಿಷ್ಟಿಕೆ, ಎಲ್ಲಿ ಕಣ್ಣು ಹಾಯಿಸಿದರೂ ಅವೇ. "ಸೀರೆ ಅಂಚಲ್ಲಿರೋ ಹೂವನ್ನೇ ಸೆರಗಲ್ಲೂ ತಂದ ಹಾಗಿದೆ" ಎಂದರು ಅಮ್ಮ. ಮಕ್ಕಳಿದ್ದರೆ ಸಿಂಹ ಎಣಿಸಲು ಹೇಳಿ, ಒಂದು ಗಂಟೆ ಗಲಾಟೆ ಮಾಡದೆ ಜೊತೆಗಿರುತ್ತಾರೆ.

ಆಮೇಲೆ ಯೂನಿಟಿ ಟೆಂಪಲ್ ಎಂಬ ಚರ್ಚ್, ರೈಟ್ ಕಟ್ಟಿದ್ದು. ಇದೊಂದಕ್ಕೇ ಇಷ್ಟು ದೂರ ಬಂದರೂ ಸಾರ್ಥಕ. ಹಳೆಯ ಮರದ ಚರ್ಚ್ 1905ರಲ್ಲಿ ಸಿಡಿಲು ಬಡಿದು ಸುಟ್ಟುಹೋಯಿತು. ಸಭೆಯವರ ಕೈಯಲ್ಲಿ ಹಣ ಕಡಿಮೆ ಇತ್ತು. ಜಾಗ ಗದ್ದಲದ ಲೇಕ್ ಸ್ಟ್ರೀಟ್ ಪಕ್ಕದಲ್ಲಿ. ರೈಟ್ ಕಾಂಕ್ರೀಟ್ ಆರಿಸಿಕೊಂಡ. ಆಗ ಕಾಂಕ್ರೀಟ್ ಎಂದರೆ ಕಾರ್ಖಾನೆ, ಗೋದಾಮಿನ ಮಾತು, ದೇವರ ಮನೆಗೆ ಬಳಸುತ್ತಿದ್ದದ್ದು ಅಪರೂಪ. ಕಟ್ಟಡವನ್ನು ನಾಲ್ಕೂ ಕಡೆ ಒಂದೇ ಥರ ಮಾಡಿದ್ದಕ್ಕೂ ಕಾರಣ ಇದೆ: ಸುರಿಯಲು ಮಾಡಿದ ಮರದ ಅಚ್ಚುಗಳನ್ನೇ ಮತ್ತೆ ಮತ್ತೆ ಬಳಸಬಹುದು, ಖರ್ಚು ಉಳಿಯುತ್ತದೆ. ಕೆಲಸ ಮುಗಿದದ್ದು 1908ರಲ್ಲಿ.

ಹೊರಗಿಂದ ನೋಡಿದರೆ ಬೂದು ಬಣ್ಣದ ಪೆಟ್ಟಿಗೆಯ ಹಾಗೆ. ರಸ್ತೆ ಕಡೆ ಕೆಳಗೆ ಕಿಟಕಿಯೇ ಇಲ್ಲ, ಬಾಗಿಲೂ ಕಾಣುವುದಿಲ್ಲ. ಗಾಬರಿಯಾಗಬೇಡಿ, ಪಕ್ಕದಿಂದ ಸುತ್ತಿಕೊಂಡು ಹೋಗಬೇಕು. ಒಳಗೆ ಹೋದರೆ ತಗ್ಗಾದ ಚಾವಣಿ. ಅಲ್ಲಿಂದ ತಿರುಗಿದರೆ ಇನ್ನೂ ಕತ್ತಲಾದ ಇಕ್ಕಟ್ಟಿನ ಹಾದಿ. ಕೆಲವು ಮೆಟ್ಟಿಲು ಹತ್ತಿ ಮೇಲೆ ಬಂದ ಕೂಡಲೇ ಎಲ್ಲ ತೆರೆದುಕೊಳ್ಳುತ್ತದೆ. ಮೇಲಿನಿಂದ ಜೇನುಬಣ್ಣದ ಗಾಜುಗಳ ಮೂಲಕ ಬೆಳಕು ಇಳಿಯುತ್ತದೆ. ಹೊರಗೆ ಅವತ್ತು ಮೋಡ ಕವಿದಿತ್ತು, ಒಳಗೆ ಮಾತ್ರ ಎಳೆಬಿಸಿಲು ಬಿದ್ದ ಹಾಗಿತ್ತು.

ಅಮ್ಮ ಬೆಂಚಿನ ಮೇಲೆ ಕುಳಿತು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ನಮ್ಮ ದೇವಸ್ಥಾನದಲ್ಲಿ ಬೆಳಕಿಂದ ಕತ್ತಲೆಗೆ ಹೋಗ್ತೀವಿ. ಮುಖಮಂಟಪ, ನವರಂಗ, ಆಮೇಲೆ ಗರ್ಭಗುಡಿ. ಇಲ್ಲಿ ಕತ್ತಲೆಯಿಂದ ಬೆಳಕಿಗೆ ಬರ್ತಾರೆ, ಅಲ್ವಾ?" ನಾನು ಈ ಕಟ್ಟಡದ ಬಗ್ಗೆ ಎಷ್ಟೋ ಓದಿದ್ದೆ, ಇದು ನನಗೆ ಹೊಳೆದಿರಲಿಲ್ಲ. ನಮ್ಮಜ್ಜಿಯ ತೊಟ್ಟಿ ಮನೆ ನೆನಪಾಯಿತು. ತಲೆ ಬಗ್ಗಿಸಿ ಕತ್ತಲೆಯ ಪಡಸಾಲೆ ದಾಟಿದರೆ ನಡುವೆ ಆಕಾಶ.

ಅಲ್ಲಿರುವ ಸ್ವಯಂಸೇವಕರನ್ನು ಮಾತಾಡಿಸಿ. ಸುಮ್ನೆ ಫೋಟೋ ತೆಗೆದು ಹೊರಟುಬಿಡಬೇಡಿ. ನಾಲ್ಕು ದಪ್ಪ ಕಂಬಗಳು ಟೊಳ್ಳು, ಬಿಸಿ ಗಾಳಿ ಹಾಯಲೆಂದು ಹಾಗೆ ಮಾಡಿದ್ದು ಎಂದು ನಮಗೆ ಹೇಳಿದ್ದು ಅಲ್ಲಿದ್ದ ಒಬ್ಬ ಅಜ್ಜ. ಪ್ರಾರ್ಥನೆ ಮುಗಿಸಿ ಹೊರಡುವವರು ಗುರುವಿಗೆ ಬೆನ್ನು ತೋರಿಸದೆ, ವೇದಿಕೆಯ ಕಡೆಗೇ ನಡೆದು ಅದರ ಪಕ್ಕದ ಬಾಗಿಲಿನಿಂದ ಹೊರಗೆ ಹೋಗುತ್ತಾರೆ. ಇದನ್ನು ಕೇಳಿ ಅಮ್ಮನಿಗೆ ತುಂಬಾ ಖುಷಿಯಾಯಿತು. ಸುಮಾರು 2.5 ಕೋಟಿ ಡಾಲರ್ ಖರ್ಚಿನ ದುರಸ್ತಿ 2017ರಲ್ಲಿ ಮುಗಿಯಿತು. 2019ರಲ್ಲಿ ರೈಟ್‌ನ ಎಂಟು ಕಟ್ಟಡಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು, ಇದೂ ಅವುಗಳಲ್ಲೊಂದು. ಮಂಡಿ ನೋವಿರುವವರು ಒಳಗೆ ಹೋಗುವ ಮೊದಲೇ ಮೆಟ್ಟಿಲಿನ ಬಗ್ಗೆ ಕೇಳಿಕೊಳ್ಳಿ. ಇಲ್ಲಿಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ, ಅದರಲ್ಲಿ ಹತ್ತು ನಿಮಿಷ ಸುಮ್ಮನೆ ಕೂರುವುದಕ್ಕೆ.

ಊಟಕ್ಕೆ ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆವು. ಎದುರಿನ ಸ್ಕೋವಿಲ್ ಪಾರ್ಕ್‌ನಲ್ಲಿ ಕೂತು ತಿಂದೆವು. ಶೌಚಾಲಯಕ್ಕೆ ಪಾರ್ಕ್ ಪಕ್ಕದ ಸಾರ್ವಜನಿಕ ಗ್ರಂಥಾಲಯ ಅನುಕೂಲ. ಪಾರ್ಕ್‌ನ ಯುದ್ಧ ಸ್ಮಾರಕದಲ್ಲಿ ಇದೇ ಊರಲ್ಲಿ ಹುಟ್ಟಿದ ಲೇಖಕ ಹೆಮಿಂಗ್ವೇ ಹೆಸರೂ ಇದೆ, ಹುಡುಕಿ. ಅಕ್ಟೋಬರ್‌ನಲ್ಲಿ ಬಿಸಿಲಿದ್ದರೂ ಗಾಳಿ ಕೊರೆಯುತ್ತದೆ. ಒಂದರ ಮೇಲೊಂದು ಬಟ್ಟೆ ಹಾಕಿಕೊಳ್ಳಿ, ಫ್ಲಾಸ್ಕ್‌ನಲ್ಲಿ ಕಾಫಿ ಮರೆಯಬೇಡಿ.

ಮಧ್ಯಾಹ್ನ ಫಾರೆಸ್ಟ್ ಅವೆನ್ಯೂ ಉದ್ದಕ್ಕೂ ನಡೆದೆವು. ರೈಟ್‌ನ ಮನೆಗಳು ಸಾಲಾಗಿ ಇರುವುದು ಇಲ್ಲೇ. 1902ರ ಹರ್ಟ್ಲಿ ಮನೆಯ ಇಟ್ಟಿಗೆ ಗೋಡೆಯನ್ನು ಹತ್ತಿರದಿಂದ ಗಮನಿಸಿ, ಪಟ್ಟಿ ಪಟ್ಟಿಯಾಗಿ ಕಟ್ಟಿ ಅಡ್ಡಗೆರೆಗಳನ್ನು ಎಳೆದಿದ್ದಾರೆ. ಹತ್ತಿರದಿಂದ ಎಂದರೆ ಪಾದಚಾರಿ ದಾರಿಯಿಂದ. ಇವುಗಳಲ್ಲಿ ಇವತ್ತೂ ಸಂಸಾರಗಳಿವೆ. ಹುಲ್ಲಿನ ಮೇಲೆ ಕಾಲಿಡಬೇಡಿ, ಕಿಟಕಿಯಲ್ಲಿ ಇಣುಕಬೇಡಿ. ಇಂಥ ಮನೆಗಳ ಒಳಗೆ ನೋಡಲೇಬೇಕೆಂದರೆ ಮೇ ತಿಂಗಳ ರೈಟ್ ಪ್ಲಸ್ ನಡಿಗೆಗೆ ಬನ್ನಿ, ಟಿಕೆಟ್ ಮಾತ್ರ ದುಬಾರಿ. ರಸ್ತೆಯ ತುದಿಯಲ್ಲಿ ರೈಟ್‌ನ ಸ್ವಂತ ಮನೆ ಇದೆ. 1889ರಲ್ಲಿ, 22ನೇ ವಯಸ್ಸಿಗೆ, ತನ್ನ ಯಜಮಾನ ಲೂಯಿಸ್ ಸಲಿವನ್ ಹತ್ತಿರ 5,000 ಡಾಲರ್ ಸಾಲ ಮಾಡಿ ಕಟ್ಟಿದ್ದು. ಅದರ ಟಿಕೆಟ್ಟನ್ನು ಮೊದಲೇ ಕಾಯ್ದಿರಿಸಿ. ನಾವು ಕಾಯ್ದಿರಿಸಿರಲಿಲ್ಲ, ಆ ದಿನದ ಟಿಕೆಟ್ ಮುಗಿದಿತ್ತು.

ಅಲ್ಲಿಂದ ಶಿಕಾಗೊ ಅವೆನ್ಯೂ ಹಿಡಿದು ಪೂರ್ವಕ್ಕೆ ಸುಮಾರು ಕಾಲು ಗಂಟೆ ನಡೆದರೆ ಈಸ್ಟ್ ಅವೆನ್ಯೂ. ಇಲ್ಲಿನ ಒಂದು ಮನೆಯನ್ನು 1950ರಲ್ಲಿ ರಸಾಯನ ವಿಜ್ಞಾನಿ ಪರ್ಸಿ ಜೂಲಿಯನ್ ಕೊಂಡರು. ಸೋಯಾಬೀನ್‌ನಿಂದ ಹಾರ್ಮೋನ್ ತಯಾರಿಸುವ ದಾರಿ ತೋರಿಸಿದ ದೊಡ್ಡ ಮನುಷ್ಯ. ಕಪ್ಪು ಜನಾಂಗದವರು ಎಂಬ ಒಂದೇ ಕಾರಣಕ್ಕೆ ಅವರು ವಾಸಕ್ಕೆ ಬರುವ ಮೊದಲೇ ಮನೆಗೆ ಬೆಂಕಿ ಇಡಲು ನೋಡಿದರು. ಮರುವರ್ಷ ಡೈನಮೈಟ್ ಎಸೆದರು. ಜೂಲಿಯನ್ ಊರು ಬಿಡಲಿಲ್ಲ. 1968ರಲ್ಲಿ ಇದೇ ಓಕ್ ಪಾರ್ಕ್, ಬಣ್ಣ ನೋಡಿ ಮನೆ ನಿರಾಕರಿಸುವುದನ್ನು ತಡೆಯುವ ಕಾನೂನು ಮಾಡಿತು. ಇದು ಹೆಚ್ಚಿನ ಪ್ರವಾಸಿಗರ ಪಟ್ಟಿಯಲ್ಲಿ ಇರುವುದಿಲ್ಲ. ಆದರೂ ಹೋಗಿ, ರಸ್ತೆಯಲ್ಲಿ ಎರಡು ನಿಮಿಷ ನಿಂತು ಬನ್ನಿ. ಆ ಸುಂದರ ಮನೆಗಳನ್ನೆಲ್ಲ ನೋಡಿದ ಮೇಲೆ ಈ ಮನೆಯ ಮುಂದೆ ನಿಂತಾಗ ನನಗೆ ಈ ಊರು ಬೇರೆಯಾಗಿಯೇ ಕಂಡಿತು.

ನಾವು ಇಡೀ ದಿನದಲ್ಲಿ ಒಳಹೊಕ್ಕು ನೋಡಿದ್ದು ಎರಡೇ ಕಟ್ಟಡ. ಪಟ್ಟಿ ನೋಡಿದಾಗ ಎಂಟು ಹತ್ತು ನೋಡುವ ಆಸೆ ಬರುತ್ತದೆ, ಆದರೆ ಅಷ್ಟು ಓಡಿದರೆ ಯಾವುದೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ಹಾರ್ಲೆಮ್‌ನಲ್ಲಿ ರೈಲಿಗೆ ಕಾಯುವಾಗ ಅಮ್ಮ ಉಳಿದ ಕಾಫಿ ಬಗ್ಗಿಸಿ ಕೊಟ್ಟು, ನಾಳೆ ಎಲ್ಲಿಗೆ ಎಂದು ಕೇಳಿದರು. 1929ರ ಗಾಜಿನ ಸಸ್ಯಮನೆ, ಓಕ್ ಪಾರ್ಕ್ ಕನ್ಸರ್ವೇಟರಿ, ಬಾಕಿ ಇತ್ತು. ಅದಕ್ಕೆ ಗ್ರೀನ್ ಲೈನ್ ಬೇಡ, ಬ್ಲೂ ಲೈನ್ ಹಿಡಿಯಿರಿ. ಎರಡರಲ್ಲೂ ಸ್ಟೇಷನ್ ಹೆಸರು ಓಕ್ ಪಾರ್ಕ್ ಎಂದೇ ಇದೆ, ಹತ್ತುವ ಮೊದಲು ಬಣ್ಣ ನೋಡಿಕೊಳ್ಳಿ.