ಯಾವ ಪೈ, ಯಾರ ಪೈಕಿ?

ಮಾರ್ಚ್ 14ಕ್ಕೆ ಇಲ್ಲಿ ನ್ಯೂಜೆರ್ಸಿಯಲ್ಲಿ ಮಗಳ ಸ್ಕೂಲಲ್ಲಿ ಪೈ ಡೇ ಮಾರಾಯ್ರೆ, ಗಣಿತದ ಆ 3.14 ಪೈ, ತಿನ್ಲಿಕ್ಕೆ ಆ್ಯಪಲ್ ಪೈ, ಕ್ಲಾಸಲ್ಲಿ ಪೈ ಅಂತ ಹೆಸರಿರೋದು ಇವಳೊಬ್ಬಳಿಗೇ ಅಂತ ಒಂದು ತುಂಡು ಜಾಸ್ತಿ ಸಿಕ್ಕಿತಂತೆ. ಬಂದವಳೇ "ಅಪ್ಪಾ, ನಮ್ಮ ಪೈಗಳಲ್ಲಿ ಫೇಮಸ್ ಯಾರು?" ಅಂದ್ಳು.

ನಂಗೆ ಅಷ್ಟೇ ಸಾಕಿತ್ತು. 1906ರಲ್ಲಿ ಮಂಗಳೂರಲ್ಲಿ ಕೆನರಾ ಬ್ಯಾಂಕ್ ಶುರು ಮಾಡಿದ ಅಮ್ಮೆಂಬಳ ಸುಬ್ಬರಾವ್ ಪೈ, ರಾಷ್ಟ್ರಕವಿ ಮಂಜೇಶ್ವರದ ಗೋವಿಂದ ಪೈ, ಅಮರ ಚಿತ್ರಕಥೆ ತಂದ ಕಾರ್ಕಳದ ಅನಂತ ಪೈ, ಮಣಿಪಾಲ ಕಟ್ಟಿದ ಟಿ.ಎಂ.ಎ. ಪೈ, ಕೊನೆಗೆ ಇಲ್ಲಿನದೇ, ಫೋನ್ ಟಿವಿ ರೇಡಿಯೋಗೆಲ್ಲ ರೂಲ್ಸ್ ಮಾಡುವ ಸರಕಾರಿ ಸಂಸ್ಥೆ ಎಫ್‌ಸಿಸಿಗೆ 2017ರಲ್ಲಿ ಚೇರ್ಮನ್ ಆದ ಅಜಿತ್ ಪೈ (ಆಗ ಪಕ್ಕದ ಮನೆಯವ "ನಿನ್ನ ಅಣ್ಣನಾ?" ಅಂತ ಕೇಳಿದ್ದ). ಎಲ್ಲ ಕೇಳಿ ಮಗಳು, "ಅವ್ರೆಲ್ಲ ಬ್ಯಾಂಕು ಕಾಲೇಜು ಓಪನ್ ಮಾಡಿದ್ರು, ನೀನೆಂತ ಓಪನ್ ಮಾಡಿದ್ದು?"

ದಿನಾ ಬೆಳಿಗ್ಗೆ ಲ್ಯಾಪ್‌ಟಾಪ್, ಇನ್ನೆಂತ.

ಮಾತು ತಪ್ಪಿಸ್ಲಿಕ್ಕೆ ಪಿಗ್ಮಿ ಕಥೆ ತೆಗೆದೆ, ದಿನಾ ಸ್ವಲ್ಪ ಸ್ವಲ್ಪ ಬ್ಯಾಂಕಿಗೆ ಕಟ್ಟುವ ಆ ಉಳಿತಾಯದ್ದು. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಅವ್ರ ಅಣ್ಣ ಉಪೇಂದ್ರ ಪೈ, ವಾಮನ ಕುಡ್ವ ಸೇರಿ 8,000 ರೂಪಾಯಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ್ದು, 1928ರಿಂದ ಏಜೆಂಟರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಆದ್ರೂ ಸರಿ ಅಂತ ತಗೊಳ್ತಿದ್ದದ್ದು. 2020ರಲ್ಲಿ ಅದು ಕೆನರಾ ಬ್ಯಾಂಕಿಗೇ ಸೇರಿ ಹೋಯ್ತು, ಅಲ್ಲಿಗೆ ಎರಡು ಪೈಗಳ ಬ್ಯಾಂಕು ಒಂದೇ ಆಯ್ತು ನೋಡಿ.

ರಥಬೀದಿಯ ನಮ್ಮಪ್ಪನ ಸಣ್ಣ ಅಂಗಡಿಗೂ ಸಂಜೆ ಒಬ್ರು ಬರ್ತಿದ್ರು. ನೀರು ಸೋರುವ ಕೊಡೆ ಮೆಟ್ಟಿಲ ಮೇಲೆ, ಚೀಲ ಕಂಕುಳಲ್ಲಿ, ಮಳೆಗಾಲದಲ್ಲಿ ರಶೀದಿ ಪುಸ್ತಕದ ಹಾಳೆ ಒಂದಕ್ಕೊಂದು ಅಂಟಿರ್ತಿತ್ತು, ಊದಿ ಊದಿ ಬಿಡಿಸಿ ಬರೀತಿದ್ರು. ಜೂನಲ್ಲಿ ನನ್ನ ಸ್ಕೂಲ್ ಫೀಸು ಆ ದುಡ್ಡಲ್ಲೇ.

"ಅವ್ರೂ ಪೈಯಾ?" ಅಂದ್ಳು ಮಗಳು.

ಗೊತ್ತಿಲ್ಲ. ಊರಲ್ಲಿ ಮದುವೆ ಊಟಕ್ಕೆ ಪಕ್ಕದಲ್ಲಿ ಕೂತವ್ರನ್ನೂ ಯಾವ ಪೈ, ಯಾರ ಪೈಕಿ, ಅಜ್ಜನಮನೆ ಎಲ್ಲಿ ಅಂತ ಬಿಡದೆ ಕೇಳ್ತೇವೆ, ದಿನಾ ಅಂಗಡಿ ಮೆಟ್ಟಿಲು ಹತ್ತಿದವ್ರ ಹೆಸರು ಕೇಳ್ಲಿಲ್ಲ. ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ.

"ಪಿಗ್ಮಿಯವ್ರು ಅಂತಲೇ ಅಲ್ವಾ ಹೇಳ್ತಿದ್ದದ್ದು" ಅಂದ್ರು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಾಕ್ಕೆ ಸಕ್ಕರೆ ಹಾಕ್ಬೇಡಿ ಅಂತಿದ್ರು, ಅದು ನೆನಪುಂಟು."