ಮಗುವೊಂದು ತೀರಿಕೊಂಡ ಮರುದಿನ ಶಾಲೆಯಲ್ಲಿ ಏನು ಮಾಡಬೇಕು

ಶಾಲೆಯ ಮಗುವೊಂದು ಅಪಘಾತದಲ್ಲೋ, ಕಾಯಿಲೆಯಿಂದಲೋ, ಕೆರೆಯಲ್ಲಿ ಮುಳುಗಿಯೋ ತೀರಿಕೊಂಡರೆ ಮರುದಿನ ಹೆಚ್ಚಿನ ಕಡೆ ನಡೆಯುವುದು ಒಂದೇ ಕ್ರಮ. ಪ್ರಾರ್ಥನೆಯ ಹೊತ್ತಿಗೆ ಮೈಕಿನಲ್ಲಿ ಸುದ್ದಿ, ಎರಡು ನಿಮಿಷ ಮೌನ, ಆಮೇಲೆ ರಜೆ. ಹತ್ತೂವರೆಗೆಲ್ಲ ಮೈದಾನ ಖಾಲಿ. ಸತ್ತ ಮಗುವಿಗೆ ಗೌರವ ಸಲ್ಲಿಸಬೇಕೆಂಬ ಮನಸ್ಸು ಅದರ ಹಿಂದೆ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ರಜೆಯಲ್ಲಿ ಉಳಿದ ಮಕ್ಕಳು ಎಲ್ಲಿಗೆ ಹೋಗುತ್ತಾರೆ? ಅಪ್ಪ ಅಮ್ಮ ಕೂಲಿಗೋ ಗಾರ್ಮೆಂಟ್ಸಿಗೋ ಹೋಗಿರುತ್ತಾರೆ. ಬೀಗ ಹಾಕಿದ ಮನೆಯ ಜಗುಲಿಯಲ್ಲಿ ನಾಲ್ಕು ಮಕ್ಕಳು ಕೂತು, ಯಾರದೋ ಫೋನಿಗೆ ಬಂದ ಅಪಘಾತದ ಫೋಟೋ ನೋಡುತ್ತವೆ. ಸಂಜೆಯವರೆಗೆ ಅವರ ಜೊತೆ ದೊಡ್ಡವರು ಯಾರೂ ಇರುವುದಿಲ್ಲ.

ಆದ್ದರಿಂದ ಮುಖ್ಯಶಿಕ್ಷಕರಿಗೆ ಮೊದಲ ಮಾತು: ಅವತ್ತು ಶಾಲೆ ನಡೆಸಿ. ಸುದ್ದಿಯನ್ನು ಮೈಕಿನಲ್ಲಿ ಹೇಳಬೇಡಿ. ಪ್ರತಿ ತರಗತಿಯಲ್ಲಿ, ಮಕ್ಕಳಿಗೆ ಪರಿಚಯವಿರುವ ಶಿಕ್ಷಕರು, ಬಾಗಿಲು ಮುಂದಕ್ಕೆ ಮಾಡಿಕೊಂಡು ಹೇಳಬೇಕು. ಮುನ್ನೂರು ಮಕ್ಕಳ ಸಾಲಿನ ನಡುವೆ ಒಂದು ಮಗು ಅಳಲು ಶುರುಮಾಡಿದರೆ ಹತ್ತಿರ ಹೋಗುವುದು ಕಷ್ಟ, ಮೂವತ್ತು ಮಕ್ಕಳ ಕೋಣೆಯಲ್ಲಿ ಅದು ಸಾಧ್ಯ. ಮೇಲಧಿಕಾರಿಗಳೇ ರಜೆ ಘೋಷಿಸಿದ್ದರೆ ಮರುದಿನ ಮೊದಲ ಅವಧಿಯಲ್ಲಿ ಇದೇ ಕೆಲಸ ಮಾಡಿ.

ಇದರ ತಯಾರಿ ಹಿಂದಿನ ರಾತ್ರಿಯೇ ಆಗಬೇಕು. ಸುದ್ದಿ ವಾಟ್ಸಾಪಿನಲ್ಲಿ ಬಂತೆಂದು ನಂಬಬೇಡಿ. ಐಸಿಯುನಲ್ಲಿರುವ ಮಗುವಿಗೂ ಶ್ರದ್ಧಾಂಜಲಿ ಹಾಕಿಬಿಡುವವರು ಇದ್ದಾರೆ. ಮನೆಯವರನ್ನೋ ಹತ್ತಿರದ ಬಂಧುವನ್ನೋ ನೇರವಾಗಿ ಕೇಳಿ. ಮನೆಗೆ ಒಬ್ಬರು, ಹೆಚ್ಚೆಂದರೆ ಇಬ್ಬರು ಹೋಗಲಿ. ತಿಳಿದುಕೊಳ್ಳಬೇಕಾದದ್ದು ಮೂರೇ: ಸಾವಿನ ಕಾರಣವನ್ನು ಮಕ್ಕಳಿಗೆ ಎಷ್ಟರಮಟ್ಟಿಗೆ ಹೇಳಬಹುದು, ಮಣ್ಣು ಅಥವಾ ದಹನ ಯಾವಾಗ ಎಲ್ಲಿ, ಅಣ್ಣ ತಮ್ಮ ಅಕ್ಕ ತಂಗಿಯರು ಯಾವ ಶಾಲೆಯಲ್ಲಿ ಓದುತ್ತಿದ್ದಾರೆ. ಮೂರನೆಯದು ಮರೆತೇ ಹೋಗುತ್ತದೆ. ತಂಗಿ ಪಕ್ಕದ ಕಿರಿಯ ಪ್ರಾಥಮಿಕ ಶಾಲೆಯಲ್ಲಿದ್ದು, ಅಲ್ಲಿನ ಶಿಕ್ಷಕರಿಗೆ ಏನೂ ಗೊತ್ತಿಲ್ಲದೆ, ಹನ್ನೆರಡು ದಿನ ಬಿಟ್ಟು ಬಂದ ಮಗುವಿಗೆ ಗೈರುಹಾಜರಿಯ ಕಾರಣ ಕೇಳುವಂತಾಗಬಾರದು. ಅಲ್ಲಿಗೂ ಒಂದು ಫೋನ್ ಮಾಡಿ.

ಸಾವು ಶಾಲೆಯ ಆವರಣದಲ್ಲೇ ಆಗಿದ್ದರೆ ಕ್ರಮ ಬೇರೆ. 112ಕ್ಕೆ ಕರೆ, ಪೋಷಕರಿಗೆ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಮಾಹಿತಿ, ಆ ಜಾಗದಿಂದ ಮಕ್ಕಳನ್ನು ದೂರ ಕರೆದೊಯ್ಯುವುದು, ಪೊಲೀಸರು ಬರುವವರೆಗೆ ಅಲ್ಲಿನ ಯಾವುದನ್ನೂ ಮುಟ್ಟದಿರುವುದು. ಮಾಧ್ಯಮದವರ ಜೊತೆ ಒಬ್ಬರೇ ಮಾತಾಡಲಿ, ಕ್ಯಾಮೆರಾ ಗೇಟಿನ ಒಳಗೆ ಬರುವುದು ಬೇಡ.

ಬೆಳಿಗ್ಗೆ ಪ್ರಾರ್ಥನೆಗೆ ಅರ್ಧ ಗಂಟೆ ಮೊದಲು ಸಿಬ್ಬಂದಿಯನ್ನೆಲ್ಲ ಸೇರಿಸಿ. ಬಿಸಿಯೂಟದ ಅಡುಗೆಯವರು, ಆಯಾ, ಶಾಲೆ ಬಸ್ಸಿನ ಚಾಲಕರೂ ಇರಬೇಕು. ದಿನಾ ಅನ್ನ ಬಡಿಸುತ್ತಿದ್ದವರಿಗೆ ಆ ಮಗುವಿನ ಮುಖ ಎಷ್ಟೋ ಶಿಕ್ಷಕರಿಗಿಂತ ಚೆನ್ನಾಗಿ ಗೊತ್ತಿರುತ್ತದೆ, ಮಕ್ಕಳು ಪ್ರಶ್ನೆ ಕೇಳುವುದೂ ಅವರನ್ನೇ. ನಾಲ್ಕೈದು ವಾಕ್ಯದ ಬರಹವೊಂದನ್ನು ಎಲ್ಲರಿಗೂ ಕೊಡಿ. ಎಲ್ಲ ತರಗತಿಯಲ್ಲೂ ಅದೇ ಮಾತು ಹೋಗಬೇಕು, ಇಲ್ಲದಿದ್ದರೆ ಮಧ್ಯಾಹ್ನದ ಊಟದ ಹೊತ್ತಿಗೆ ಐದು ಕತೆಗಳು ಹುಟ್ಟಿರುತ್ತವೆ. ಮಾದರಿಗೆ ಹೀಗಿರಲಿ:

"ನಿಮಗೆಲ್ಲ ಒಂದು ದುಃಖದ ವಿಷಯ ಹೇಳಬೇಕಿದೆ. ಏಳನೇ ತರಗತಿಯ ನಮ್ಮ ಇಂಥವನು ನಿನ್ನೆ ಸಂಜೆ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಅಂದರೆ ಅವನು ಸತ್ತುಹೋಗಿದ್ದಾನೆ, ಇನ್ನು ಶಾಲೆಗೆ ಬರುವುದಿಲ್ಲ. ಕೆಲವರಿಗೆ ಅಳು ಬರಬಹುದು, ಕೆಲವರಿಗೆ ಬರದೇ ಇರಬಹುದು, ಎರಡೂ ಸರಿ. ನಿಮಗೆ ಏನು ಕೇಳಬೇಕೋ ಕೇಳಿ. ನನಗೆ ಗೊತ್ತಿದ್ದದ್ದನ್ನು ಹೇಳುತ್ತೇನೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತೇನೆ."

'ಸತ್ತುಹೋಗಿದ್ದಾನೆ' ಎಂಬ ಮಾತು ನಾಲಿಗೆಗೆ ಕಹಿ. ಆದರೂ ಅದನ್ನೇ ಬಳಸಬೇಕು. ಸಾವನ್ನು ಸುತ್ತಿಬಳಸಿ ಹೇಳುವ ಮಾತುಗಳು ಕನ್ನಡದಲ್ಲಿ ಬೇಕಾದಷ್ಟಿವೆ: ಹೋಗಿಬಿಟ್ಟ, ದೇವರ ಹತ್ತಿರ ಹೋದ, ನಕ್ಷತ್ರವಾದ, ಕಣ್ಣು ಮುಚ್ಚಿದ, ದೇವರಿಗೆ ಒಳ್ಳೆಯವರೇ ಬೇಕು. ದೊಡ್ಡವರ ಕಿವಿಗೆ ಇವು ಹಿತ. ಆರೇಳು ವರ್ಷದ ಮಗು ಇವನ್ನು ಅಕ್ಷರಶಃ ತೆಗೆದುಕೊಳ್ಳುತ್ತದೆ. 'ಹೋದ' ಎಂದರೆ ಎಂದಾದರೂ ಬರಬೇಕಲ್ಲ ಎಂದು ಕಾಯುತ್ತದೆ. 'ಮಲಗಿದ್ದಾನೆ' ಎಂದು ಕೇಳಿದ ಮಗು ರಾತ್ರಿ ಮಲಗಲು ಹೆದರುತ್ತದೆ. 'ಒಳ್ಳೆಯವರನ್ನು ದೇವರು ಬೇಗ ಕರೆಸಿಕೊಳ್ಳುತ್ತಾನೆ' ಎಂಬ ಮಾತು ಕೇಳಿದ ಮಗು ಒಳ್ಳೆಯದಾಗಿರುವುದಕ್ಕೇ ಅಂಜಬಹುದು. ಮನೆಯಲ್ಲಿ ಅವರವರ ನಂಬಿಕೆಯಂತೆ ಏನು ಬೇಕಾದರೂ ಹೇಳಿಕೊಳ್ಳಲಿ. ಶಾಲೆಯಲ್ಲಿ ನೇರ ಮಾತೇ ಇರಲಿ.

ನಲಿ-ಕಲಿ ಮಕ್ಕಳಿಗೆ, ಅಂದರೆ ಒಂದರಿಂದ ಮೂರನೇ ತರಗತಿಯವರಿಗೆ, ಸಾವು ಶಾಶ್ವತ ಎನ್ನುವುದು ಇನ್ನೂ ಪೂರ್ತಿ ಗೊತ್ತಿರುವುದಿಲ್ಲ. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತವೆ, ಐದು ನಿಮಿಷಕ್ಕೆ ಆಟಕ್ಕೆ ಓಡುತ್ತವೆ, ಹೆಣ ಹೊರುವ ಆಟವನ್ನೇ ಆಡಲೂಬಹುದು. ಅದು ಕಲ್ಲು ಮನಸ್ಸಲ್ಲ, ಅರ್ಥ ಮಾಡಿಕೊಳ್ಳುವ ಅವರ ದಾರಿ. ಬೈದು ನಿಲ್ಲಿಸಬೇಡಿ. ಈ ವಯಸ್ಸಿನವರು ಸಾವಿಗೆ ತಾವೇ ಕಾರಣ ಎಂದು ಒಳಗೊಳಗೇ ಅಂದುಕೊಳ್ಳುವುದುಂಟು: 'ನಾನು ಅವನ ರಬ್ಬರ್ ಕದ್ದಿದ್ದೆ, ಸಾಯಿ ಅಂತ ಬೈದಿದ್ದೆ.' ಯಾರೂ ಕೇಳದಿದ್ದರೂ ನೀವೇ ಹೇಳಿ: "ನಾವು ಆಡಿದ ಮಾತಿನಿಂದಾಗಲೀ ಮಾಡಿದ ಜಗಳದಿಂದಾಗಲೀ ಯಾರೂ ಸಾಯುವುದಿಲ್ಲ." ಒಂಬತ್ತು ಹತ್ತು ವರ್ಷದ ಹೊತ್ತಿಗೆ ಸಾವು ಮರಳಿ ಬಾರದ್ದು, ಎಲ್ಲರಿಗೂ ಬರುವಂಥದ್ದು ಎಂದು ಹೆಚ್ಚಿನವರಿಗೆ ತಿಳಿದಿರುತ್ತದೆ, ಆಗ ಹೆದರಿಕೆ ತಮ್ಮ ಅಪ್ಪ ಅಮ್ಮನ ಕಡೆಗೆ ತಿರುಗುತ್ತದೆ. ಪ್ರೌಢಶಾಲೆಯವರು ನಗಬಹುದು, ಸಿಟ್ಟಾಗಬಹುದು, ಏನೂ ಆಗಿಲ್ಲವೆಂಬಂತೆ ಇರಬಹುದು. ಹುಡುಗರ ನಗು ಕಂಡ ಕೂಡಲೇ 'ನಾಚಿಕೆ ಇಲ್ಲವಾ' ಎಂದು ಗದರುವುದು ನಾವು ಸಾಮಾನ್ಯವಾಗಿ ಮಾಡುವ ತಪ್ಪು.

ಇದಕ್ಕೆಲ್ಲ ಇಪ್ಪತ್ತರಿಂದ ಮೂವತ್ತು ನಿಮಿಷ ಸಾಕು. ಆಮೇಲೆ ಹಗುರ ಕೆಲಸ ಕೊಡಿ: ಚಿತ್ರ, ಆ ಮಗುವಿನ ಮನೆಯವರಿಗೊಂದು ಪತ್ರ, ತೋಟಕ್ಕೆ ನೀರು. ಕಿರುಪರೀಕ್ಷೆ ಇದ್ದರೆ ಮುಂದೂಡಿ. ಬಿಸಿಯೂಟ ಎಂದಿನ ಹೊತ್ತಿಗೇ ಆಗಬೇಕು. ದಿನದ ಲಯ ತಪ್ಪದಿರುವುದೇ ಮಕ್ಕಳಿಗೆ ದೊಡ್ಡ ಆಸರೆ. ಪತ್ರಗಳನ್ನು ಮನೆಗೆ ಕೊಡುವ ಮೊದಲು ಒಬ್ಬ ಶಿಕ್ಷಕರು ಎಲ್ಲವನ್ನೂ ಓದಲೇಬೇಕು. ತಾನೂ ಸಾಯಬೇಕು ಎಂದು ಬರೆದ ಮಗು ಕಣ್ಣಿಗೆ ಬೀಳುವುದು ಅಲ್ಲೇ.

ಇನ್ನು ಹಾಜರಿ. ಅತ್ಯಂತ ಚಿಕ್ಕದಾಗಿ ಕಾಣುವ, ಅತ್ಯಂತ ನೋವು ಕೊಡುವ ತಪ್ಪು ಇಲ್ಲೇ ಆಗುತ್ತದೆ. ಅಭ್ಯಾಸಬಲದಿಂದ ಶಿಕ್ಷಕರು ಆ ಹೆಸರನ್ನು ಕೂಗಿಬಿಡುತ್ತಾರೆ, ತರಗತಿ ಸ್ತಬ್ಧವಾಗುತ್ತದೆ. ಅವತ್ತು ಹಾಜರಿ ಕೂಗುವುದೇ ಬೇಡ, ಎಣಿಸಿ ಗುರುತು ಹಾಕಿ. ಹಾಜರಿ ಪುಸ್ತಕದಲ್ಲಿ ಹೆಸರಿನ ಮೇಲೆ ಕೆಂಪು ಗೆರೆ ಎಳೆಯುವುದನ್ನು ಮಕ್ಕಳ ಎದುರು ಮಾಡಬೇಡಿ. ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್ ಅನ್ನು ವಾರದೊಳಗೆ ಸರಿಪಡಿಸಿ, ಗೈರುಹಾಜರಿಗೆ ತಾನಾಗಿ ಎಸ್‌ಎಂಎಸ್ ಹೋಗುವ ವ್ಯವಸ್ಥೆ ಇರುವ ಶಾಲೆಗಳು ಅದನ್ನು ಆ ದಿನವೇ ನಿಲ್ಲಿಸಿ. "ನಿಮ್ಮ ಮಗ ಇಂದು ಶಾಲೆಗೆ ಬಂದಿಲ್ಲ" ಎಂಬ ಸಂದೇಶ ಆ ತಾಯಿಯ ಫೋನಿಗೆ ಹೋಗಬಾರದು. ಶುಲ್ಕದ ನೆನಪೋಲೆ, ಪೋಷಕರ ಸಭೆಯ ಆಮಂತ್ರಣಕ್ಕೂ ಇದೇ ಮಾತು.

ಬೆಂಚನ್ನು ರಾತ್ರೋರಾತ್ರಿ ಎತ್ತಿಡಬೇಡಿ. ಖಾಲಿ ಜಾಗ ಒಂದೆರಡು ವಾರ ಹಾಗೇ ಇರಲಿ, ಆಮೇಲೆ ಮಕ್ಕಳನ್ನೇ ಕೇಳಿ, ಇಡೀ ತರಗತಿಯ ಕೂರುವ ಕ್ರಮವನ್ನು ಒಮ್ಮೆ ಬದಲಿಸಿ. ಆಗ ಯಾರೊಬ್ಬರೂ 'ಸತ್ತವನ ಜಾಗ'ದಲ್ಲಿ ಕೂರಬೇಕಾಗುವುದಿಲ್ಲ. ಪುಸ್ತಕ, ಬ್ಯಾಗು, ಗೋಡೆಯ ಮೇಲಿದ್ದ ಚಿತ್ರ ಎಲ್ಲವನ್ನೂ ಒಟ್ಟುಮಾಡಿ ಮನೆಗೆ ತಲುಪಿಸಿ. ತಿದ್ದದ ನೋಟ್‌ಬುಕ್ಕುಗಳು ಸಿಬ್ಬಂದಿ ಕೋಣೆಯ ಕಪಾಟಿನಲ್ಲಿ ಉಳಿದಿರುತ್ತವೆ, ಅಲ್ಲೂ ನೋಡಿ.

ಯಾವ ಮಕ್ಕಳ ಮೇಲೆ ಹೆಚ್ಚು ಕಣ್ಣಿಡಬೇಕು ಎನ್ನುವುದನ್ನು ಬೆಳಗಿನ ಸಭೆಯಲ್ಲೇ ಹೆಸರು ಹಿಡಿದು ಬರೆದುಕೊಳ್ಳಿ. ಆಪ್ತ ಗೆಳೆಯರು ಎಲ್ಲರಿಗೂ ಹೊಳೆಯುತ್ತಾರೆ. ಹೊಳೆಯದವರು ಇನ್ನಿದ್ದಾರೆ: ಒಂದೇ ಆಟೋದಲ್ಲಿ ಬರುತ್ತಿದ್ದವರು, ಘಟನೆಯನ್ನು ಕಣ್ಣಾರೆ ಕಂಡವರು, ಕೊನೆಯ ದಿನ ಜಗಳವಾಡಿದವರು, ಈ ಹಿಂದೆ ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡವರು, ಮೊದಲೇ ಮಂಕಾಗಿದ್ದವರು. ಕೆರೆಗೆ ಈಜಲು ಜೊತೆಗೆ ಹೋಗಿ ಉಳಿದುಬಂದ ಹುಡುಗ ಇದ್ದರೆ ಅವನದೇ ಮೊದಲ ಹೆಸರು. ಊರು ಅವನನ್ನು ದೂರುತ್ತಿರುತ್ತದೆ. ಶಾಲೆಯಲ್ಲಿ ಯಾರೂ ಅವನನ್ನು ವಿಚಾರಣೆ ಮಾಡದಂತೆ ನೋಡಿಕೊಳ್ಳಿ. ಪ್ರತಿ ಹೆಸರಿನ ಎದುರು ಒಬ್ಬ ಶಿಕ್ಷಕರ ಹೆಸರು ಬರೆಯಿರಿ. 'ಎಲ್ಲರೂ ಗಮನಿಸಿ' ಎಂದರೆ ಯಾರೂ ಗಮನಿಸುವುದಿಲ್ಲ.

ಅಂತ್ಯಕ್ರಿಯೆಗೆ ಇಡೀ ತರಗತಿಯನ್ನು ಸಾಲು ಕಟ್ಟಿ ಕರೆದೊಯ್ಯುವುದು ಬೇಡ. ಹೋಗಲು ಬಯಸುವವರು ಪೋಷಕರ ಒಪ್ಪಿಗೆಯಿಂದ, ಅಲ್ಲಿ ಏನು ಕಾಣುತ್ತದೆ ಎಂದು ಮೊದಲೇ ತಿಳಿದುಕೊಂಡು, ದೊಡ್ಡವರ ಜೊತೆ ಹೋಗಲಿ. ಬಯಸದವರನ್ನು ಒತ್ತಾಯಿಸಬೇಡಿ.

ಸಾವು ಆತ್ಮಹತ್ಯೆಯಾಗಿದ್ದರೆ ಕೆಲವು ನಿಯಮಗಳು ಬಿಗಿಯಾಗುತ್ತವೆ. ಹದಿಹರೆಯದವರಲ್ಲಿ ಒಂದು ಆತ್ಮಹತ್ಯೆ ಇನ್ನೊಂದಕ್ಕೆ ದಾರಿ ತೋರಿಸುವ ಅಪಾಯ ನಿಜವಾದದ್ದು. ವಿಧಾನ, ಜಾಗ, ಬರೆದಿಟ್ಟ ಚೀಟಿ, ಯಾವುದನ್ನೂ ಹೇಳಬೇಡಿ. ಮನೆಯವರು ಆತ್ಮಹತ್ಯೆ ಎಂದು ಹೇಳಲು ಒಪ್ಪದಿದ್ದರೆ "ಕಾರಣ ಹೇಳುವುದು ಬೇಡವೆಂದು ಮನೆಯವರು ಕೇಳಿಕೊಂಡಿದ್ದಾರೆ" ಎಂದಷ್ಟೇ ಹೇಳಿ, ಸುಳ್ಳು ಕಾರಣ ಕಟ್ಟಬೇಡಿ. 'ಪರೀಕ್ಷೆಯಲ್ಲಿ ಫೇಲಾಗಿದ್ದಕ್ಕೆ', 'ಅಮ್ಮ ಬೈದಿದ್ದಕ್ಕೆ' ಎಂಬ ಒಂದೇ ಕಾರಣದ ವಿವರಣೆ ತಪ್ಪು, ಅಪಾಯಕಾರಿ ಕೂಡ: ನಾಳೆ ಫೇಲಾಗುವ ಇನ್ನೊಂದು ಮಗುವಿಗೆ ಅದೇ ಉತ್ತರದಂತೆ ಕಾಣುತ್ತದೆ. ಹಾರ ಹಾಕಿದ ದೊಡ್ಡ ಭಾವಚಿತ್ರ, ಫ್ಲೆಕ್ಸ್, ಹೊಗಳಿಕೆಯ ಭಾಷಣ ಬೇಡ. ಹಾಗೆಂದು 'ಹೇಡಿ' ಎಂದು ಜರೆಯುವುದೂ ಬೇಡ. ಅನುಮಾನವಿರುವ ಮಗುವನ್ನು ಒಂಟಿಯಾಗಿ ಕೂರಿಸಿ ನೇರವಾಗಿ ಕೇಳಿ: "ಸಾಯಬೇಕು ಅಂತ ನಿನಗೆ ಅನ್ನಿಸಿದೆಯಾ?" ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಹೌದು ಎಂದರೆ ಆ ಕ್ಷಣದಿಂದ ಮಗುವನ್ನು ಒಂಟಿಯಾಗಿ ಬಿಡಬೇಡಿ, ಪೋಷಕರನ್ನು ಕರೆಸಿ, ಮನೆಯಲ್ಲಿರುವ ಕೀಟನಾಶಕ ಮತ್ತು ಮಾತ್ರೆಗಳನ್ನು ಬೀಗದಲ್ಲಿಡಲು ಹೇಳಿ, ಅದೇ ದಿನ ಆಸ್ಪತ್ರೆಗೆ ಕಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ, ಶಿಕ್ಷಕರೇ ಕರೆ ಮಾಡಿ ಸಲಹೆ ಕೇಳಬಹುದು. ಮಕ್ಕಳ ಸಹಾಯವಾಣಿ 1098. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ರಾಜ್ಯದ ಮಾನಸಿಕ ಆರೋಗ್ಯ ಕಾರ್ಯಕ್ರಮ ಮನೋಚೈತನ್ಯದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವುದು ಸಾಮಾನ್ಯವಾಗಿ ಮಂಗಳವಾರ. ನಿಮ್ಮ ತಾಲ್ಲೂಕಿನ ದಿನವನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಆತ್ಮಹತ್ಯೆಗೆ ಪ್ರಯತ್ನಪಟ್ಟು ಬದುಕುಳಿದು ಶಾಲೆಗೆ ಮರಳುವ ಮಗುವಿಗೆ 'ಟಿಸಿ ತೆಗೆದುಕೊಂಡು ಹೋಗಿ' ಎನ್ನುವುದು ಕ್ರೌರ್ಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸುತ್ತದೆ. ಶಾಲೆಯೂ ಹಾಗೇ ನೋಡಬೇಕು.

ಸತ್ತದ್ದು ಮಗುವಿನ ಅಪ್ಪನೋ ಅಮ್ಮನೋ ಆಗಿದ್ದರೆ, ಸೂತಕ ಕಳೆದು ಮಗು ಬರುವ ದಿನಕ್ಕೂ ತಯಾರಿ ಬೇಕು. ತಲೆ ಬೋಳಿಸಿದ ಹುಡುಗನಿಗೆ ಟೋಪಿ ಹಾಕಿಕೊಳ್ಳಲು ಬಿಡಿ, ಸಮವಸ್ತ್ರದ ನಿಯಮ ತಡೆಯದಿರಲಿ. ಅವನು ಬರುವ ಮೊದಲೇ ತರಗತಿಗೆ ಹೇಳಿ, ಗೆಳೆಯರು ಏನು ಮಾತಾಡಬಹುದೆಂದು ಹೇಳಿಕೊಡಿ: "ನಿಮ್ಮಪ್ಪ ತೀರಿಕೊಂಡರಂತೆ, ಬೇಜಾರಾಯ್ತು, ಬಾ ಜೊತೆಗೆ ಕೂರೋಣ." ಇಷ್ಟೇ ಸಾಕು. 'ಇನ್ನು ಮೇಲೆ ಮನೆಗೆ ನೀನೇ ಗಂಡಸು' ಎಂದು ಹತ್ತು ವರ್ಷದವನ ಹೆಗಲಿಗೆ ಭಾರ ಹೊರಿಸುವ ಮಾತನ್ನು ದಯವಿಟ್ಟು ಯಾರೂ ಆಡಬೇಡಿ. ಪಾಠದ ನಡುವೆ ಉಸಿರು ಕಟ್ಟಿದರೆ ಕಾರಣ ಹೇಳದೆ ಎದ್ದು ಹೋಗಲು ಒಂದು ಸನ್ನೆ, ಹೋಗಿ ಕೂರಲು ಒಂದು ಜಾಗ ಗೊತ್ತುಮಾಡಿ. ಮನೆಗೆ ದುಡಿಮೆ ನಿಂತಿದ್ದರೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣದಲ್ಲಿ 72,000, ಉಳಿದ ಕಡೆ 96,000 ರೂಪಾಯಿ ಮೀರಿರಬಾರದು. ಅರ್ಜಿ ಹೋಗಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ ಒಟ್ಟುಮಾಡಲು ಶಾಲೆ ಕೈಹಿಡಿದರೆ ಆ ಮಗು ಇಟ್ಟಿಗೆ ಗೂಡಿಗೋ ಗ್ಯಾರೇಜಿಗೋ ಹೋಗದೆ ಉಳಿಯಬಹುದು.

ಶಿಕ್ಷಕರನ್ನು ಯಾರು ನೋಡಿಕೊಳ್ಳುತ್ತಾರೆ? ಸುದ್ದಿ ಹೇಳಲು ಆಗದವರು ಮುಜುಗರವಿಲ್ಲದೆ ಹಾಗೆಂದು ಹೇಳಲಿ, ಅವರ ಬದಲು ಇನ್ನೊಬ್ಬರು ಹೋಗಲಿ. ತಾನೇ ಇತ್ತೀಚೆಗೆ ಯಾರನ್ನಾದರೂ ಕಳೆದುಕೊಂಡವರನ್ನು ಮೊದಲೇ ಕೇಳಿ. ಮಕ್ಕಳ ಎದುರು ಶಿಕ್ಷಕರ ಕಣ್ಣು ತೇವವಾದರೆ ತಪ್ಪಿಲ್ಲ, ಮಕ್ಕಳೇ ಶಿಕ್ಷಕರನ್ನು ಸಮಾಧಾನ ಮಾಡುವ ಹಂತಕ್ಕೆ ಬಂದರೆ ಹೊರಗೆ ಕರೆಯಿರಿ. ಸಂಜೆ ಬೆಲ್ ಆದಮೇಲೆ ಕಾಲು ಗಂಟೆ ಎಲ್ಲರೂ ಚಹಾ ಕುಡಿಯುತ್ತಾ ಕೂತು, ಯಾವ ಮಗು ಹೇಗಿತ್ತು, ನಾಳೆ ಯಾರನ್ನು ನೋಡಬೇಕು ಎಂದು ಮಾತಾಡಿ. ತರಗತಿ ಶಿಕ್ಷಕರಿಗೆ ಮರುದಿನ ಒಂದೆರಡು ಅವಧಿ ಬಿಡುವು ಕೊಡಿ. ಮುಖ್ಯಶಿಕ್ಷಕರೇ, ನಿಮಗೂ ಮಾತಾಡಲು ಒಬ್ಬರು ಬೇಕು, ನಿಮ್ಮ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯೋ (ಸಿಆರ್‌ಪಿ) ಪಕ್ಕದ ಶಾಲೆಯ ಮುಖ್ಯಶಿಕ್ಷಕರೋ ಆಗಬಹುದು.

ಮೊದಲ ವಾರ ಎಲ್ಲರಿಗೂ ನೆನಪಿರುತ್ತದೆ. ಕಷ್ಟ ಬರುವುದು ತಿಂಗಳ ನಂತರ: ಊಟ ಬಿಟ್ಟ, ಮೊದಲು ಇಷ್ಟಪಡುತ್ತಿದ್ದ ವಿಷಯದಲ್ಲೂ ಹಿಂದೆ ಬಿದ್ದ, ಹೊಟ್ಟೆನೋವೆಂದು ಪದೇಪದೇ ಮನೆಗೆ ಹೋಗುವ, ಗೆಳೆಯರಿಂದ ದೂರ ಸರಿದ ಮಗು ಆಗ ಕಣ್ಣಿಗೆ ಬೀಳಬೇಕು. ತರಗತಿಯ ಗುಂಪು ಫೋಟೋ, ಹುಟ್ಟುಹಬ್ಬದ ದಿನ, ಎಸ್‌ಎಸ್‌ಎಲ್‌ಸಿ ಪ್ರವೇಶಪತ್ರ ಹಂಚುವ ದಿನ, ವರ್ಷ ತುಂಬುವ ದಿನಗಳನ್ನು ಮುಖ್ಯಶಿಕ್ಷಕರ ಡೈರಿಯಲ್ಲಿ ಈಗಲೇ ಗುರುತು ಹಾಕಿಕೊಳ್ಳಿ. ಜೂನ್‌ನಲ್ಲಿ ತರಗತಿ ಶಿಕ್ಷಕರು ಬದಲಾಗುವಾಗ ಆ ಪಟ್ಟಿಯನ್ನು, ಯಾವ ಮಗುವಿನ ಎದುರು ಯಾರ ಹೆಸರಿತ್ತೆಂಬ ಹಾಳೆಯ ಜೊತೆ, ಹೊಸಬರ ಕೈಗೆ ಖುದ್ದಾಗಿ ಕೊಡಿ.